ಅಟ್ಟದ ಮೇಲಿನ ಸದ್ದು

ಹೋದ ಬೇಸಿಗೆಯಲ್ಲಿ ರಜೆಗೆಂದು ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ಊಟವಾದ ಮೇಲೆ ನನ್ನ ಪಕ್ಕ ಬಂದು ಕುಳಿತು, "ಅಜ್ಜೀ, ಯಾವ ಬೋನು ತಗೊಳ್ಳಲಿ?" ಎಂದು ಕೇಳಿದಳು. ನನಗೆ ಒಂದು ಗಳಿಗೆ ಏನೂ ತೋಚಲಿಲ್ಲ. ಸೀರೆಯ ಅಂಚಿನಿಂದ ಹಿಡಿದು ಉಪ್ಪಿನಕಾಯಿಯ ಹದದವರೆಗೆ ನನ್ನ ಅಭಿಪ್ರಾಯ ಕೇಳಿದವರುಂಟು. ಇಲಿ ಬೋನಿನ ವಿಷಯದಲ್ಲಿ ಮಾತ್ರ ಎಪ್ಪತ್ತು ದಾಟಿದ ಈ ಬದುಕಿನಲ್ಲಿ ಯಾರೂ ಕೇಳಿರಲಿಲ್ಲ. ಮಿಕ್ಕೆಲ್ಲಕ್ಕಿಂತ ಅದೇ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ ಎಂಬುದು ಬೇರೆ ಮಾತು.

ಅವಳು ತೋರಿಸಿದ್ದು ಕಂಪ್ಯೂಟರಿನಲ್ಲಿ ಆಡುವ ಒಂದು ಆಟ. ಮೌಸ್‌ಹಂಟ್ ಅಂತ ಹೆಸರು. 2008ರಲ್ಲಿ ಕೆನಡಾದ ಒಂದು ಕಂಪನಿ ಹೊರತಂದದ್ದಂತೆ. ಆಡುವವರು ಬೇಟೆಗಾರರು. ಬೋನು ಒಂದು, ಅದರ ಕೆಳಗಿಡುವ ಪೀಠ ಒಂದು, ಒಳಗಿಡಲು ಗಿಣ್ಣು. ಕಾಲು ಗಂಟೆಗೊಮ್ಮೆ ಕೊಂಬು ಊದಬೇಕು. ಬೋನು ಬಲವಾಗಿದ್ದರೆ ಇಲಿ ಸಿಕ್ಕಿ ಚಿನ್ನ ಬರುತ್ತದೆ. ಇಲ್ಲದಿದ್ದರೆ ಗಿಣ್ಣನ್ನೂ ತಿಂದು ಇಲಿ ಪರಾರಿ. ಬಂದ ಚಿನ್ನ ಕೂಡಿಸಿ ಇನ್ನೂ ದೊಡ್ಡ ಬೋನು ಕೊಳ್ಳಬೇಕು. ಒಂದು ಜಾತಿಯ ಇಲಿಗೆ ನಡೆಯುವ ಬೋನು ಇನ್ನೊಂದು ಜಾತಿಗೆ ನಡೆಯುವುದಿಲ್ಲ.

"ಮೊದಲು ನಿನಗೆ ಕಾಟ ಕೊಡ್ತಿರೋದು ಸುಂಡಿಲಿಯೋ, ಅಟ್ಟದ ಇಲಿಯೋ, ಹೆಗ್ಗಣವೋ ಹೇಳು" ಎಂದೆ. ಅವಳು ಕಣ್ಣರಳಿಸಿ, "ಅಜ್ಜೀ, ನಿಂಗೂ ಈ ಆಟ ಬರತ್ತಾ?" ಅಂದಳು.

ಬಾರದೇ ಏನು! ನಮ್ಮ ಮನೆಯಲ್ಲಿ ಮೂರು ತಲೆಮಾರಿನ ಹೆಂಗಸರು ಇದನ್ನು ಆಡಿದ್ದೇವೆ. ನಮಗೆ ಚಿನ್ನ ಬರಲಿಲ್ಲ, ಅಷ್ಟೆ.

ನಮ್ಮದು ಬೀರೂರು. ರೈಲಿನಲ್ಲಿ ಓಡಾಡುವವರಿಗೆ ಜಂಕ್ಷನ್ ಎಂದೇ ಪರಿಚಯ. ಬೆಂಗಳೂರಿನಿಂದ ಹರಿಹರ, ಹುಬ್ಬಳ್ಳಿಯ ಕಡೆಗೆ ಹೋಗುವ ಹಳಿ 1889ರ ಹೊತ್ತಿಗೆ ಪೂರ್ತಿಯಾಯಿತು. ಹತ್ತು ವರ್ಷಕ್ಕೆ, 1899ರಲ್ಲಿ, ನಮ್ಮೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟಿತು. ರೈಲು ಬಂದದ್ದರಿಂದ ಮಂಡಿ ಬಂತು, ಮಂಡಿಯಿಂದ ಗೋದಾಮು ಬಂತು, ಗೋದಾಮಿಗೆ ಅಡಿಕೆ, ಕೊಬ್ಬರಿ, ರಾಗಿ, ಕಡಲೇಕಾಯಿಯ ಚೀಲಗಳು ಬಂದವು. ಕರೆಯದೆ ಬಂದ ನೆಂಟರು ಯಾರೆಂದು ಬೇರೆ ಹೇಳಬೇಕಿಲ್ಲವಲ್ಲ.

ಆದರೆ ನನ್ನ ಅಜ್ಜಿಗೆ ಇಲಿಯೆಂದರೆ ಚೀಲ ತೂತು ಮಾಡುವ ಪ್ರಾಣಿಯಷ್ಟೇ ಆಗಿರಲಿಲ್ಲ. ಈ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು.

ನಾವು ಚಿಕ್ಕವರಿದ್ದಾಗ ರಾತ್ರಿ ದೀಪ ಆರಿಸಿದ ಮೇಲೆ ಅಟ್ಟದಲ್ಲಿ ಇಲಿಗಳು ದಡಬಡ ಓಡಾಡುತ್ತಿದ್ದವು. ನಾವು ಹೆದರಿ ಅಜ್ಜಿಯ ಕೌದಿಯೊಳಗೆ ನುಗ್ಗುತ್ತಿದ್ದೆವು. ಅಜ್ಜಿ ಮಾತ್ರ, "ಓಡಾಡ್ತಾವಲ್ಲ, ಓಡಾಡಲಿ ಬಿಡು. ಮಲಕ್ಕೋ" ಎಂದು ನೆಮ್ಮದಿಯಾಗಿ ಮಗ್ಗುಲಾಗುತ್ತಿದ್ದರು. ಯಾವಾಗಲಾದರೂ ಎರಡು ದಿನ ಅಟ್ಟ ಸದ್ದಿಲ್ಲದೆ ಇದ್ದರೆ ಮಾತ್ರ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಕೂತು ಮೇಲೆ ನೋಡುತ್ತಿದ್ದರು. ಬೆಳಿಗ್ಗೆ ಎದ್ದು ಬುಡ್ಡಿದೀಪ ಹಿಡಿದು ಮೂಲೆ ಮೂಲೆ ಹುಡುಕುತ್ತಿದ್ದರು.

ಕಾರಣ ಅವರೇ ಒಮ್ಮೆ ಹೇಳಿದರು. ಅವರಿಗೆ ಎಂಟೋ ಒಂಬತ್ತೋ ವರ್ಷ. ಇಸವಿ ಗೊತ್ತಿರಲಿಲ್ಲ, ಶಿವಮೊಗ್ಗದ ರೈಲು ಶುರುವಾದ ಮೇಲೆ ಎಂಬುದು ಮಾತ್ರ ನೆನಪು. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ಅವರ ತಾಯಿಯ ಮುಂದೆ ಜಂತೆಯ ಮೇಲಿನಿಂದ ಇಲಿಯೊಂದು ತೊಪ್ಪೆಂದು ಬಿತ್ತು. ಎರಡು ಸುತ್ತು ಸುತ್ತಿ ಸತ್ತುಹೋಯಿತು. ತಾಯಿ ಅದನ್ನು ಬಾಲ ಹಿಡಿದು ಹಿತ್ತಲಿಗೆ ಎಸೆದು, ಕೈ ತೊಳೆದು, ಮತ್ತೆ ರೊಟ್ಟಿಗೆ ಕೂತರು. ಬೀದಿಯಲ್ಲಿ "ಇಲಿ ಬಿತ್ತು, ಇಲಿ ಬಿತ್ತು" ಎಂದು ಕೂಗೆದ್ದಾಗಲೇ ಅದರ ಅರ್ಥ ತಿಳಿದದ್ದು. ಊರಿಗೆ ಊರೇ ಪಾತ್ರೆ ಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿತು. ಗುಡಿಸಲಿಗೆ ಹೋದ ನಾಲ್ಕನೆಯ ದಿನ ತಾಯಿಗೆ ಜ್ವರ ಬಂತು, ಕಂಕುಳಲ್ಲಿ ಗಡ್ಡೆ ಎದ್ದಿತು. ಅವರ ಹಿಂದೆಯೇ ಮೊಲೆ ಕುಡಿಯುವ ತಮ್ಮನೂ ಹೋಯಿತು. ಮೂರು ತಿಂಗಳಾದ ಮೇಲೆ ಮನೆಗೆ ಮರಳಿದಾಗ ಒಲೆಯ ಮುಂದೆ ಆ ದಿನದ ಹಿಟ್ಟಿನ ಮರಿಗೆ ಹಾಗೇ ಇತ್ತಂತೆ.

ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ. ಪ್ಲೇಗು 1894ರಲ್ಲಿ ಹಾಂಗ್‌ಕಾಂಗಿನಲ್ಲಿತ್ತು. ಯೆರ್ಸಿನ್ ಎಂಬ ವಿಜ್ಞಾನಿ ರೋಗಾಣುವನ್ನು ಕಂಡುಹಿಡಿದದ್ದು ಅಲ್ಲಿ. 1896ರಲ್ಲಿ ಅದು ಮುಂಬೈಗೆ ಬಂತು. ಬೆಂಗಳೂರನ್ನು ಮುಟ್ಟಿದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ, ರೈಲಿನಲ್ಲಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಬರುವ ರೈಲು ಎಂದರೆ ನಮ್ಮ ಬೀರೂರಿನ ಮೇಲೆಯೇ ಬರಬೇಕು. ಮಲ್ಲೇಶ್ವರ, ಬಸವನಗುಡಿಯಂಥ ಅಗಲ ಬೀದಿಗಳ ಬಡಾವಣೆಗಳಿಗೆ ಜನ ಹೋಗಿ ನೆಲೆಸಿದ್ದು ಈ ಪ್ಲೇಗಿನ ಹೆದರಿಕೆಯಿಂದಲೇ. ಮುಂದಿನ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಮೀರಿ. ಅಷ್ಟು ದೊಡ್ಡ ಲೆಕ್ಕದಲ್ಲಿ ನನ್ನ ಮುತ್ತಜ್ಜಿ ಮತ್ತು ಅವಳ ಕೂಸು ಎರಡು ಅಂಕೆ.

ರೋಗ ಇಲಿಯಿಂದ ಮನುಷ್ಯನಿಗೆ ದಾಟುವುದು ಇಲಿಯ ಮೈಮೇಲಿನ ಚಿಗಟದಿಂದ. ಸತ್ತ ಇಲಿಯ ಮೈ ತಣ್ಣಗಾದ ಕೂಡಲೇ ಚಿಗಟಗಳು ಬೇರೊಂದು ಬಿಸಿ ಮೈ ಹುಡುಕಿಕೊಂಡು ಹಾರುತ್ತವೆ. ಇದನ್ನು ಸೀಮೋನ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಕೂಡ 1898ರಲ್ಲೇ. ಬಲ್ಲವರು ಅವನ ಮಾತನ್ನು ನಂಬಲಿಲ್ಲ. 1905ರ ನಂತರ ಮುಂಬೈಯಲ್ಲಿ ಪ್ಲೇಗು ಆಯೋಗದವರು ಮತ್ತೆ ಪ್ರಯೋಗ ಮಾಡಿ ನೋಡಿದ ಮೇಲೆ ಒಪ್ಪಿದರು. ಅಷ್ಟರಲ್ಲಿ ಎಷ್ಟು ತಾಯಂದಿರು ಎಷ್ಟು ಇಲಿಗಳನ್ನು ಬಾಲ ಹಿಡಿದು ಎಸೆದಿದ್ದರೋ!

ಅಜ್ಜಿಗೆ ಚಿಗಟದ ವಿಷಯ ಯಾರೂ ಹೇಳಿರಲಿಲ್ಲ. ಆದರೂ ಅವರದೊಂದು ನಿಯಮವಿತ್ತು. ಮನೆಯಲ್ಲಿ ಎಲ್ಲಿ ಸತ್ತ ಇಲಿ ಕಂಡರೂ ಮೊದಲು ಕುದಿಯುವ ನೀರು ಹೊಯ್ಯಬೇಕು, ಆಮೇಲೆ ಇಕ್ಕಳದಲ್ಲಿ ಹಿಡಿಯಬೇಕು, ಬೆರಣಿಯ ಬೆಂಕಿಯಲ್ಲಿ ಸುಡಬೇಕು. ಬೋನು ಇಡುವುದು ಅವರಿಗೆ ಒಗ್ಗುತ್ತಲೇ ಇರಲಿಲ್ಲ. "ಬದುಕಿರೋ ಇಲಿ ರಾಗಿ ತಿನ್ನತ್ತೆ. ಸತ್ತ ಇಲಿ ಮನೆ ತಿನ್ನತ್ತೆ" ಅನ್ನುತ್ತಿದ್ದರು.

ಅಮ್ಮನಿಗೆ ಈ ವೇದಾಂತ ನಡೆಯುತ್ತಿರಲಿಲ್ಲ. ಅವಳ ಕಾಲಕ್ಕೆ ಪ್ಲೇಗು ಕತೆಯಾಗಿತ್ತು, ಕೊಬ್ಬರಿ ದುಡ್ಡಾಗಿತ್ತು. ನಮ್ಮ ಕಡೂರು ಸೀಮೆಯ ತೆಂಗಿನ ಮನೆಗಳಲ್ಲಿ ಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲುಗಿಸಿದರೆ ಲೊಡಲೊಡ ಅನ್ನಬೇಕು. ಆಗ ಒಡೆದರೆ ಉಂಡೆ ಕೊಬ್ಬರಿ. ಹೀಗೆ ವರ್ಷ ಕಾದು ತೆಗೆದ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ಮಂಡಿಗೆ ಹೋಗುವ ಮುಂಚಿನ ಎರಡು ವಾರವೇ ಇಲಿಗಳ ಸುಗ್ಗಿ. ಹಲ್ಲಿನ ಗುರುತಿದ್ದ ಉಂಡೆಯನ್ನು ವರ್ತಕ ಪಕ್ಕಕ್ಕೆ ಎತ್ತಿಟ್ಟುಬಿಡುತ್ತಿದ್ದ. ಅಕ್ಕನ ಮದುವೆ ಗೊತ್ತಾದ ವರ್ಷ ಹಾಗೆ ಪಕ್ಕಕ್ಕೆ ಕುಳಿತ ಕೊಬ್ಬರಿಯ ರಾಶಿ ನೋಡಿ ಅಪ್ಪ ಏನೂ ಮಾತಾಡದೆ ಮನೆಗೆ ಬಂದರು. ಅಕ್ಕನಿಗೆ ಆಗಬೇಕಿದ್ದ ಬಳೆ ಎರಡರಲ್ಲಿ ಒಂದಾಯಿತು. "ಒಂದು ಬಳೆ ಇಲಿ ತಿಂತು" ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಆ ವರ್ಷದಿಂದ ನಮ್ಮ ಮನೆಯಲ್ಲಿ ಬೋನಿನ ಯುಗ. ಮೊದಲು ಬಂದದ್ದು ಸಂತೆಯ ಮರದ ಪೆಟ್ಟಿಗೆ. ಒಳಗೊಂದು ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ತಿಂಡಿ ಎಳೆದರೆ ಮೇಲೆ ಎತ್ತಿಟ್ಟ ಬಾಗಿಲು ಧಡ್ಡೆಂದು ಬೀಳುತ್ತದೆ. ಹೊಸ ಬೋನನ್ನು ಎರಡು ದಿನ ಬಾಗಿಲು ಕಟ್ಟಿ ಸುಮ್ಮನೆ ತಿಂಡಿ ಇಟ್ಟು ಬಿಡಬೇಕು. ಇಲಿಗೆ ಹೊಸ ವಸ್ತುವೆಂದರೆ ಅನುಮಾನ. ಮೂರನೆಯ ದಿನ ಕೊಕ್ಕೆ ಹೂಡಬೇಕು. ಗೋಡೆಯ ಅಂಚಿಗೆ ಇಡಬೇಕೇ ಹೊರತು ನಡುಮನೆಯಲ್ಲಿ ಅಲ್ಲ. ಇಲಿ ಗೋಡೆಗೆ ಮೈ ತಾಗಿಸಿಕೊಂಡೇ ಓಡುವುದು. ಮೊಮ್ಮಗಳ ಆಟದಲ್ಲಿ ಗಿಣ್ಣಿಡುತ್ತಾರಲ್ಲ, ನಮ್ಮಲ್ಲಿ ಕೊಬ್ಬರಿ ಚೂರನ್ನು ಕೆಂಡದ ಮೇಲೆ ಹಿಡಿದು ಎಣ್ಣೆ ಜಿನುಗಿಸಿ ಇಡುತ್ತಿದ್ದೆವು. ಆ ಘಮಕ್ಕೆ ನನಗೇ ಬಾಯಲ್ಲಿ ನೀರೂರುತ್ತಿತ್ತು.

ಮರದ ಪೆಟ್ಟಿಗೆಯನ್ನು ಇಲಿಗಳು ಕಡಿದು ಹೊರಬಂದವು. ಇಲಿಯ ಮುಂಬಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿದು ಸವೆಸಲೇಬೇಕು. ಆಮೇಲೆ ಬಂದದ್ದು ಹಲಗೆಯ ಮೇಲೆ ಸ್ಪ್ರಿಂಗು ಬಿಗಿದು, ಮುಟ್ಟಿದೊಡನೆ ಕಂಬಿ ಬಡಿಯುವ ಬೋನು. ಅಮೆರಿಕದ ಇಲಿನಾಯ್ ರಾಜ್ಯದ ಹೂಕರ್ ಎಂಬುವವನು 1894ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದೇ ದಶಕ ಮುಗಿಯುವ ಮುನ್ನ ಇಂಗ್ಲೆಂಡಿನ ಲೀಡ್ಸ್ ಊರಿನ ಅಟ್ಕಿನ್ಸನ್ ಇನ್ನೊಂದು ಮಾಡಿದ. ಯೆರ್ಸಿನ್ ರೋಗಾಣು ಕಂಡ ವರ್ಷವೇ ಹೂಕರನ ಬೋನು ಎನ್ನುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಆ ಬೋನು ನಮ್ಮ ಮನೆಯಲ್ಲಿ ಹಿಡಿದ ಮೊದಲ ಬೇಟೆ ನನ್ನ ತಮ್ಮನ ಹೆಬ್ಬೆರಳು. ಮರುದಿನವೇ ಅಪ್ಪ ಕಬ್ಬಿಣದ ಸರಳಿನ ಬೋನು ತಂದರು. ಅದು ಇವತ್ತಿಗೂ ನನ್ನ ಹತ್ತಿರ ಇದೆ.

ಬೋನು ತರುವುದು ಅಪ್ಪನ ಕೆಲಸ, ತಿಂಡಿ ಹೂಡುವುದು ನನ್ನ ಕೆಲಸ. ಬೆಳಿಗ್ಗೆ ಸಿಕ್ಕ ಇಲಿಯನ್ನು ಏನು ಮಾಡಬೇಕೋ ಅದು ಅಮ್ಮನ ಕೆಲಸ. ಈ ಹಂಚಿಕೆಯನ್ನು ಯಾರು ಮಾಡಿದರೋ ಕಾಣೆ. ಅವಳು ಬೋನನ್ನು ಹಿತ್ತಲ ತೊಟ್ಟಿಯಲ್ಲಿ ಮುಳುಗಿಸಿ, ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಮಂಗಳವಾರ, ಶುಕ್ರವಾರ ಸಿಕ್ಕಿದ್ದಕ್ಕೆ ಜೀವದಾನ. ನಾವು ಹುಡುಗರು ಅದನ್ನು ರೈಲ್ವೆ ಹಳಿಯಾಚೆ ಬಿಟ್ಟು ಬರಬೇಕು. ನಮಗಿಂತ ಮೊದಲು ಅದು ಮನೆ ಸೇರುತ್ತಿತ್ತೇನೋ! ಗಣೇಶನ ಚೌತಿಗೆ ಮೂರು ದಿನ ಮುಂಚೆಯೇ ಬೋನನ್ನು ಗೋಡೆಯ ಕಡೆಗೆ ಮುಖ ಮಾಡಿಸಿ ಅಟ್ಟಕ್ಕೆ ಹಾಕುತ್ತಿದ್ದಳು. ದೇವರ ವಾಹನಕ್ಕೆ ಕಡುಬು ನೈವೇದ್ಯ ಮಾಡಿ, ಚೌತಿಯ ಮರುವಾರ ಅದಕ್ಕೇ ಬೋನು ಹೂಡುವ ಕಷ್ಟ ಗಂಡಸರಿಗೆ ತಿಳಿಯುವಂಥದ್ದಲ್ಲ.

ನಾನು ಮದುವೆಯಾಗಿ ಹೋದದ್ದು ಅದೇ ಊರಿನ ಇನ್ನೊಂದು ಬೀದಿಗೆ. ನನ್ನ ಸಂಸಾರದ ಕಾಲಕ್ಕೆ ಬೋನು ಹಿಂದುಳಿದವರ ಲಕ್ಷಣವಾಗಿ, ಇಲಿ ಪಾಷಾಣ ಬಂದಿತ್ತು. ಕಾಣುವುದಿಲ್ಲ, ಮುಳುಗಿಸಬೇಕಿಲ್ಲ, ಮುಖ ತಿರುಗಿಸಬೇಕಿಲ್ಲ. ಅಂಗಡಿಯಿಂದ ಸೋಪು, ಬೆಂಕಿಪೊಟ್ಟಣದ ಜೊತೆಗೇ ಮನೆಗೆ ಬರುತ್ತಿತ್ತು. ನಾನೂ ತಂದು ಉಗ್ರಾಣದ ಮೇಲಿನ ಹಲಗೆಯ ಮೇಲೆ ಇಟ್ಟಿದ್ದೆ. ಬೇಟೆಯ ಸಾಧನ ಮೇಲಕ್ಕೇರಿದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ನಮ್ಮ ಬೀದಿಯ ಕೊನೆಯ ಮನೆಗೆ ಹೊಸದಾಗಿ ಬಂದಿದ್ದ ಸೊಸೆಯೊಬ್ಬಳು ಒಂದು ಸುಡುಬಿಸಿಲಿನ ಮಧ್ಯಾಹ್ನ ಹಿತ್ತಲ ಬಾಗಿಲಿಗೆ ಬಂದಳು. "ಅಕ್ಕಾ, ನಿಮ್ಮನೇಲಿ ಇಲಿ ಪಾಷಾಣ ಇದೆಯಂತಲ್ಲ. ಒಂಚೂರು ಕೊಡ್ತೀರಾ? ಇಲಿಕಾಟ ಜಾಸ್ತಿಯಾಗಿದೆ" ಎಂದಳು. ಸಕ್ಕರೆ, ಕಾಫಿಪುಡಿ ಕೇಳಿದಷ್ಟೇ ಸಹಜವಾದ ಮಾತು. ನಾನೂ ಸಹಜವಾಗಿಯೇ ಒಳಗೆ ಹೋದೆ. ಪೊಟ್ಟಣಕ್ಕೆ ಕೈ ಹಾಕಿದವಳಿಗೆ ಯಾಕೋ ಅವಳ ಪಾದ ನೆನಪಿಗೆ ಬಂತು. ಆ ಬಿಸಿಲಿನಲ್ಲಿ ಚಪ್ಪಲಿಯಿಲ್ಲದೆ ಬಂದಿದ್ದಳು. ಸೊಂಟ ಬಿಟ್ಟು ಇಳಿಯದ ಮಗು ಜೊತೆಯಲ್ಲಿರಲಿಲ್ಲ. ಇನ್ನೊಂದೂ ಹೊಳೆಯಿತು: ಅವರದು ಹೊಸ ತಾರಸಿ ಮನೆ. ಅಟ್ಟವಿಲ್ಲ, ಹೆಂಚಿಲ್ಲ, ಕೊಬ್ಬರಿಯಿಲ್ಲ.

ಪೊಟ್ಟಣ ಅಲ್ಲೇ ಬಿಟ್ಟು ಕಬ್ಬಿಣದ ಬೋನು ಹಿಡಿದು ಬಂದೆ. "ಪಾಷಾಣ ಮುಗಿದುಹೋಗಿದೆ ಕಣೇ. ಇದನ್ನ ತಗೋ. ನಾನೇ ಬಂದು ಹೂಡಿಕೊಡ್ತೀನಿ. ಇಲಿ ಎಲ್ಲಿ ಓಡಾಡತ್ತೆ, ತೋರಿಸು ನಡಿ" ಎಂದೆ. ಅವಳು ಬೋನನ್ನು ತೊಡೆಯ ಮೇಲಿಟ್ಟುಕೊಂಡು ಬಾವಿಕಟ್ಟೆಯ ಮೇಲೆ ಕುಸಿದು ಕುಳಿತಳು. ಬಹಳ ಹೊತ್ತಾದ ಮೇಲೆ, "ಇಲಿ ಎಲ್ಲೂ ಇಲ್ಲ ಅಕ್ಕಾ" ಎಂದಳು.

ಸಂಜೆ ರೈಲಿನ ಕೂಗು ಕೇಳುವವರೆಗೆ ನಾವಿಬ್ಬರೂ ಅಲ್ಲೇ ಇದ್ದೆವು. ಅವಳು ಹೇಳಿದ್ದು ನನ್ನಲ್ಲೇ ಇರಲಿ. ನಾನು ಮಾಡಿದ್ದು ಹೆಚ್ಚೇನೂ ಅಲ್ಲ. ಅವಳನ್ನು ಒಬ್ಬಳೇ ಬಿಡದೆ ಜೊತೆಗೆ ಹೋಗಿ ಮಗುವನ್ನು ಎತ್ತಿಕೊಂಡೆ, ಅವಳ ತವರಿಗೆ ಸುದ್ದಿ ಮುಟ್ಟಿಸಿದೆ. ಎರಡು ದಿನಕ್ಕೆ ಅವಳ ತಾಯಿ, ಅಣ್ಣ ಬಂದು ಕರೆದುಕೊಂಡು ಹೋದರು. ಐದಾರು ತಿಂಗಳು ಕಳೆದು, ನಡುವೆ ಏನೇನು ಮಾತುಕತೆಗಳಾದವೋ, ಅವಳು ಮರಳಿ ಬಂದಳು. ಬಂದವಳು ಮೊದಲಿನಂತೆ ತಲೆ ತಗ್ಗಿಸಿದವಳಾಗಿರಲಿಲ್ಲ. ಬೋನನ್ನು ಹಿಂದಿರುಗಿಸುವಾಗ, ಪಾತ್ರೆ ಖಾಲಿ ಕೊಡಬಾರದಲ್ಲ, ಒಳಗೆ ಎರಡು ಬಾಳೆಹಣ್ಣು ಇಟ್ಟು ತಂದಿದ್ದಳು. ಇಬ್ಬರೂ ನಕ್ಕೆವು. ಈಗ ಅವಳಿಗೂ ಮೊಮ್ಮಕ್ಕಳಿದ್ದಾರೆ.

ಅವಳು ಬಂದುಹೋದ ಆ ದಿನ ರಾತ್ರಿಯೇ ಹಿತ್ತಲ ಮೂಲೆಯಲ್ಲಿ ಆಳವಾಗಿ ಅಗೆದು ಆ ಪೊಟ್ಟಣವನ್ನು ಹೂತುಬಿಟ್ಟೆ. ಇನ್ನೆಂದೂ ತರಲಿಲ್ಲ. ಯಾವ ಬೋನು ಯಾವ ಇಲಿಗೆ ಎಂದು ಯೋಚಿಸಿದ್ದೆನೇ ಹೊರತು, ಮನೆಯೊಳಗೆ, ಬೀದಿಯಲ್ಲಿ ಇಲಿಯಲ್ಲದೆ ಬೇರೆ ಯಾರಿದ್ದಾರೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಓದುತ್ತಿರುವ ನೀವೂ ಒಮ್ಮೆ ಎದ್ದು ನಿಮ್ಮ ಉಗ್ರಾಣದ ಮೇಲಿನ ಹಲಗೆ ನೋಡಿ ಬಂದರೆ ನನಗೆ ಸಂತೋಷ.

ಪಾಷಾಣದ ಕತೆಗೆ ಇನ್ನೊಂದು ಮುಖವೂ ಉಂಟು. ನಮ್ಮ ಯಜಮಾನರಿಗೆ ಹೃದಯದ ಕವಾಟ ಬದಲಿಸಿದ ಮೇಲೆ ರಕ್ತ ಹೆಪ್ಪುಗಟ್ಟದಿರಲು ವಾರ್‌ಫರಿನ್ ಎಂಬ ಮಾತ್ರೆ ಕೊಟ್ಟರು. ಅದರ ಮೂಲ ಕೆದಕಿದರೆ, ಅಮೆರಿಕದಲ್ಲಿ ಕೊಳೆತ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದ ಕಾರಣ ಹುಡುಕಲು ಹೋಗಿ ವಿಸ್ಕಾನ್ಸಿನ್ನಿನ ವಿಜ್ಞಾನಿಗಳು ತಲುಪಿದ ವಸ್ತು. 1948ರಲ್ಲಿ ಮಾರುಕಟ್ಟೆಗೆ ಬಂದದ್ದು ಇಲಿ ಮದ್ದಾಗಿ. 1954ರಿಂದ ಮನುಷ್ಯರಿಗೆ ಔಷಧಿ! "ಅಂದ್ರೆ ದಿನಾ ರಾತ್ರಿ ನನಗೆ ಇಲಿ ಮದ್ದು ಹಾಕ್ತಿದ್ದೀಯ" ಎಂದು ಅವರು ಬಂದವರೆದುರೆಲ್ಲ ಹೇಳಿ ನಗಿಸುತ್ತಿದ್ದರು. ಅದೇ ಮಾತ್ರೆ ಅವರನ್ನು ಹನ್ನೊಂದು ವರ್ಷ ನನ್ನ ಜೊತೆ ಉಳಿಸಿತು. ಇಲಿಗಳೇನು ಸುಮ್ಮನಿದ್ದವೇ? 1958ರಲ್ಲೇ ಸ್ಕಾಟ್ಲೆಂಡಿನಲ್ಲಿ ಆ ಮದ್ದು ತಿಂದೂ ಬದುಕುವ ಇಲಿಗಳು ಕಂಡವು. ಅದಕ್ಕೆಂದೇ ಇನ್ನೂ ಘಾಟಿನ ಮದ್ದುಗಳು ಬಂದವು. ನಾವು ಬೋನು ಬದಲಿಸಿದಂತೆ ಅವೂ ತಮ್ಮನ್ನು ಬದಲಿಸಿಕೊಳ್ಳುತ್ತವೆ.

1994ರ ಸೆಪ್ಟೆಂಬರಿನಲ್ಲಿ ಸೂರತ್ತಿನಲ್ಲಿ ಪ್ಲೇಗು ಎಂದು ಟೀವಿಯಲ್ಲಿ ಬಂದಾಗ ಅಮ್ಮ ಇನ್ನೂ ಇದ್ದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಜನ ರೈಲು ಹತ್ತುವುದನ್ನು ನೋಡಿ, ಒಂದೇ ಮಾತು ಕೇಳಿದಳು: "ಇಲ್ಲಿ ಇಲಿ ಬಿದ್ದಿದೆಯಾ?" ಬಿದ್ದಿಲ್ಲ ಎಂದೆ. ಆದರೂ ಆ ರಾತ್ರಿ ಅವಳು ಅಜ್ಜಿಯ ಹಾಗೆಯೇ ಎದ್ದು ಕೂತು ಅಟ್ಟದ ಕಡೆ ಕಿವಿ ಕೊಟ್ಟಿದ್ದನ್ನು ಕಂಡೆ. ಬೋನು, ಮುಳುಗು, ಕೊಬ್ಬರಿಯ ಲೆಕ್ಕ ಎಲ್ಲದರ ಕೆಳಗೆ ಅವಳಲ್ಲೂ ಅದೇ ಭಯ ಇತ್ತು.

ಕೊನೆಯ ಸಾಧನ ತಂದವನು ನನ್ನ ಮಗ: ಅಂಟು ಹಲಗೆ. ಅದರ ಮೇಲೆ ಕಾಲಿಟ್ಟ ಸುಂಡಿಲಿ ರಾತ್ರಿಯೆಲ್ಲ ಚೀರಿತು. ಬೆಳಿಗ್ಗೆ ನೋಡಿದರೆ ಜೀವವಿತ್ತು, ಚರ್ಮ ಕಿತ್ತಿತ್ತು. ಕಡಲೆಕಾಯಿ ಎಣ್ಣೆ ಹಚ್ಚಿ ಹಚ್ಚಿ ಬಿಡಿಸಿದೆ, ಬದುಕಲಿಲ್ಲ. ಜನಸಾಮಾನ್ಯರು ಅದನ್ನು ಬಳಸಬಾರದೆಂದು ಇಂಗ್ಲೆಂಡಿನಲ್ಲಿ 2022ರಲ್ಲಿ ಕಾನೂನನ್ನೇ ಮಾಡಿದರೆಂದು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಮ್ಮ ಮುಖವನ್ನಾದರೂ ತಿರುಗಿಸುತ್ತಿದ್ದಳು. ಈ ಹಲಗೆ ಹಾಕಿದವನು ಪಕ್ಕದ ಕೋಣೆಯಲ್ಲಿ ಹಾಯಾಗಿ ಮಲಗಬಹುದು.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆನೆಂದಲ್ಲ. ಒಂದಿಷ್ಟು ಹೇಳಿದೆ. "ಹಾಗಾದ್ರೆ ಎಲ್ಲಕ್ಕಿಂತ ಒಳ್ಳೇ ಬೋನು ಯಾವುದು ಅಜ್ಜೀ?" ಎಂದಳು. ತೂತು ಮುಚ್ಚುವುದು, ಎಂದೆ. ಬೆರಳು ತೂರದ ಸಂದಿಯಲ್ಲೂ ಸುಂಡಿಲಿ ತೂರುತ್ತದೆ. ಪಾತ್ರೆ ತಿಕ್ಕುವ ತಂತಿನಾರು ತುರುಕಿ ಮೇಲೆ ಸಿಮೆಂಟು ಮೆತ್ತಬೇಕು. ಕಾಳು ಕಡಿ ಮುಚ್ಚಳದ ಡಬ್ಬಿಗೆ, ಮುಸುರೆ ರಾತ್ರಿಯೇ ಹೊರಗೆ. ಆಮೇಲೂ ಬಂದದ್ದಕ್ಕೆ ಸರಳಿನ ಬೋನು. ಅವಳು ಆಟದಲ್ಲೆಲ್ಲ ಹುಡುಕಿ, "ತೂತು ಮುಚ್ಚೋದು ಇದರಲ್ಲಿ ಇಲ್ಲ ಅಜ್ಜೀ" ಎಂದು ನಕ್ಕಳು. ಹೌದು, ತೂತು ಮುಚ್ಚಿಬಿಟ್ಟರೆ ಆಟವೇ ಮುಗಿಯಿತಲ್ಲ!

ರಜೆ ಮುಗಿಸಿ ಅವಳು ಹೊರಟ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಹಳೆಯ ಮನೆಯ ಮುಂದಿನ ಭಾಗ ಈಗ ತಾರಸಿ. ಹಿಂದಿನ ಒಂದು ಅಂಕಣ ಮಾತ್ರ ಹೆಂಚಿನದು, ಅಟ್ಟದ್ದು. ನಾನು ಮಲಗುವುದು ಅಲ್ಲೇ. ಆ ರಾತ್ರಿ ಕೊನೆಯ ರೈಲು ಹೋದ ಮೇಲೆ ಮೇಲೆ ಏನೋ ಸರಸರ ಎಂದಿತು. ಆಮೇಲೆ ಕಟಕಟ. ಬೋನು ಗೂಡಿನಲ್ಲೇ ಇತ್ತು, ಎದ್ದು ಹೂಡಬಹುದಿತ್ತು. ಬೆಳಿಗ್ಗೆ ನೋಡಿಕೊಂಡರಾಯಿತು ಎಂದುಕೊಂಡೆ. ಓಡಾಡುತ್ತಿದೆಯಲ್ಲ, ಓಡಾಡಲಿ. ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.